ಖಾಲಿ ಟಾಕಿ

ಕವನ, ಕತೆ, ಪುಸ್ತಕ ವಿಮರ್ಶೆಗಳ ನಡುವೆ ಪೆಟ್ರೋಲ್ ಟಾಕಿಯ ಮೇಲೊಂದು ಲೇಖನವೇ ಎಂದು ಮಂಡಲದ ಸದಸ್ಯರು ಹುಬ್ಬೇರಿಸಬಾರದು. ಸಂಪಾದಕರೂ ಹುಬ್ಬೇರಿಸಿದರು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ: ಇದು ಅರ್ಧ ಮೋಟಾರಿನ ವಿಷಯ, ಅರ್ಧ ಮಾತಿನ ವಿಷಯ. ಮಾತಿನ ಭಾಗಕ್ಕಾಗಿ ಮೋಟಾರಿನ ಭಾಗವನ್ನು ಸ್ವಲ್ಪ ಸಹಿಸಿಕೊಳ್ಳಿ. ಮೋಟಾರು ಬಲ್ಲವರು ಇದನ್ನೇ ತಿರುವುಮುರುವು ಮಾಡಿ ಓದಿಕೊಳ್ಳಲಿ.

ನನ್ನ ತಕರಾರು ಇರುವುದು ‘ಖಾಲಿ’ ಎಂಬ ಎರಡಕ್ಷರದ ಮೇಲೆ.

ನಮ್ಮ ಬಿಲ್ಡಿಂಗಿನ ಕೆಳಗಿನ ಮನೆಯಲ್ಲಿ ಒಬ್ಬ ಕಾಕಾ ಇದ್ದಾರೆ. ಸ್ವಂತ ಕಾಕಾ ಅಲ್ಲ, ಧಾರವಾಡದ ಕಡೆಯವರು, ಮುಂಬಯಿಗೆ ಬಂದು ನಲವತ್ತು ವರ್ಷ ದಾಟಿತು. ಊರಿನ ಮಾತನ್ನು ಬಿಟ್ಟಿಲ್ಲ, ತಮ್ಮ ಹಳೆಯ ಮಾರುತಿ 800 ಗಾಡಿಯನ್ನೂ ಬಿಟ್ಟಿಲ್ಲ. ಕಾರ್ಬ್ಯುರೇಟರ್ ಇರುವ ಕಾಲದ ಗಾಡಿ ಅದು. ಮಳೆಗಾಲದಲ್ಲಿ ಮೂರು ತಿಂಗಳು ತಾಡಪತ್ರಿ ಹೊದ್ದು ಕಾಂಪೌಂಡಿನ ಮೂಲೆಯಲ್ಲಿ ನಿಂತಿತ್ತು. ದಸರೆಗೆ ಪೂಜೆ ಮಾಡೋಣವೆಂದು ತಾಡಪತ್ರಿ ಸರಿಸಿದರೆ ಗಪ್ಪೆಂದು ಪೆಟ್ರೋಲ್ ವಾಸನೆ. ಇಂಜಿನಿನ ಹತ್ತಿರದ ಸಣ್ಣ ಫಿಲ್ಟರು ಚಹಾದ ಬಣ್ಣಕ್ಕೆ ತಿರುಗಿತ್ತು. ಬಗ್ಗಿ ನೋಡಿದಾಗ, ಹಿಂದಿನ ಸೀಟಿನ ಅಡಿಯಲ್ಲಿ ಗಾಡಿಯ ಹೊಟ್ಟೆಗೆ ಅಂಟಿಕೊಂಡಿರುವ ಟಾಕಿಯ ಜೋಡಣೆಯ ಅಂಚಿನಲ್ಲಿ ತೇವ.

ಕಾಕಾ ಅಲ್ಲೇ ತೀರ್ಮಾನ ಕೊಟ್ಟರು: “ಏನಿಲ್ಲ, ಟಾಕಿ ಇಳಿಸೋದು, ಖಾಲಿ ಮಾಡೋದು, ನಾಲ್ಕ ದಿನ ಬಿಸಲಿಗೆ ಇಡೋದು. ಆಮ್ಯಾಲೆ ಮೂಲಿ ವೆಲ್ಡಿಂಗ್ ಹುಡಗನ ಕಡಿಂದ ಒಂದ ಟಾಕಾ ಹಾಕಸಿದ್ರ ಮುಗೀತು.”

“ಕಾಕಾ, ಪೆಟ್ರೋಲ್ ಟಾಕಿಗೆ ಬೆಂಕಿ ತೋರಸ್ತೀರೇನ್ರಿ?” ಎಂದೆ.

“ಖಾಲಿ ಟಾಕಿಗೋ ತಮ್ಮಾ! ಖಾಲಿ ಟಾಕಿ ಏನ್ ಮಾಡ್ತದ?”

ಈ ಪ್ರಶ್ನೆಗೆ ಉತ್ತರವೇ ಈ ಲೇಖನ. ಉತ್ತರ ಗೊತ್ತಿಲ್ಲದೆ ಕೈ ಕಣ್ಣು ಕಳೆದುಕೊಳ್ಳುವವನು ಕಾಕಾ ಅಲ್ಲ, ಆ ವೆಲ್ಡಿಂಗ್ ಹುಡುಗ. ಅವನಿಗೆ ಹತ್ತೊಂಬತ್ತೋ ಇಪ್ಪತ್ತೋ ವರ್ಷ. ಹಲಗೆಯ ಮೇಲೆ ‘ಸರ್ವ ಪ್ರಕಾರದ ಕೆಲಸ’ ಎಂದು ಬರೆದುಕೊಂಡಿದ್ದಾನೆ, ಇಲ್ಲ ಅನ್ನುವ ಅಭ್ಯಾಸ ಅವನಿಗಿಲ್ಲ.

ಮೊದಲು ಪೆಟ್ರೋಲಿನ ಸ್ವಭಾವ. ನಾನು ರಸಾಯನಶಾಸ್ತ್ರದ ವಿದ್ಯಾರ್ಥಿಯಾದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಪೆಟ್ರೋಲ್ ಉರಿಯುವುದಿಲ್ಲ, ಪೆಟ್ರೋಲಿನ ಆವಿ ಉರಿಯುತ್ತದೆ. ದ್ರವಕ್ಕೂ ಬೆಂಕಿಗೂ ನಡುವೆ ಯಾವಾಗಲೂ ಆವಿಯ ಒಂದು ಪದರು ಇರುತ್ತದೆ, ಉರಿ ಇರುವುದು ಅಲ್ಲಿ. ಕಾಕಾ ಚಿಕ್ಕಂದಿನಲ್ಲಿ ಚಿಮಣಿ ಎಣ್ಣೆ ನೋಡಿ ಬೆಳೆದವರು. ಚಿಮಣಿ ಎಣ್ಣೆ ಬೆಂಕಿ ಹಿಡಿಯುವಷ್ಟು ಆವಿ ಬಿಡಬೇಕಾದರೆ ಕನಿಷ್ಠ 35 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಬಿಸಿಯಾಗಬೇಕು. ಬತ್ತಿ ಇಲ್ಲದೆ ತಣ್ಣನೆಯ ಎಣ್ಣೆಗೆ ಕಡ್ಡಿ ತೋರಿಸಿದರೆ ಅದು ಸುಲಭಕ್ಕೆ ಹತ್ತುವುದಿಲ್ಲ. ಪೆಟ್ರೋಲಿಗೆ ಈ ಅಂಕಿ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೆ. ಅಂದರೆ ಕಾಶ್ಮೀರದ ಚಳಿಯಲ್ಲೂ ಅದು ಆವಿ ಬಿಡುತ್ತಲೇ ಇರುತ್ತದೆ, ಇನ್ನು ಮುಂಬಯಿಯ ಅಕ್ಟೋಬರ್ ಬಿಸಿಲಿನ ಮಾತು ಬೇಡ.

ಎರಡನೆಯದು, ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹೊಗೆಯಂತೆ ಮೇಲೇರುವುದಿಲ್ಲ, ನೀರಿನಂತೆ ನೆಲ ಹಿಡಿದು ತಗ್ಗಿಗೆ ಹರಿಯುತ್ತದೆ. ಕಣ್ಣಿಗೆ ಕಾಣದ ನೀರು ಅನ್ನಿ. ಗಾಡಿ ಇಲ್ಲಿದ್ದರೆ ಬೆಂಕಿ ಅಲ್ಲಿ, ಇಪ್ಪತ್ತು ಅಡಿ ಆಚೆ, ಜಿನೆಯ ಕೆಳಗೆ ಇಸ್ತ್ರಿಯವನ ಕೆಂಡದ ಪೆಟ್ಟಿಗೆಯಲ್ಲಿ. ನಡುವೆ ದಾರಿ ಮಾಡಿಕೊಡುವುದು ನೆಲದ ಇಳಿಜಾರು.

ಮೂರನೆಯದೇ ನಮ್ಮ ವಿಷಯಕ್ಕೆ ಮುಖ್ಯ. ಆವಿ ಉರಿಯಬೇಕಾದರೆ ಗಾಳಿಯೊಡನೆ ಅದರ ಪ್ರಮಾಣ ಹದವಾಗಿರಬೇಕು. ನೂರು ಪಾಲಿನಲ್ಲಿ ಸುಮಾರು 1.4 ಪಾಲಿಗಿಂತ ಕಡಿಮೆ ಆವಿ ಇದ್ದರೆ ಹತ್ತುವುದಿಲ್ಲ, ಸುಮಾರು 7.6 ಪಾಲಿಗಿಂತ ಹೆಚ್ಚಾದರೂ ಹತ್ತುವುದಿಲ್ಲ, ಗಾಳಿ ಸಾಲದಾಗುತ್ತದೆ. ಈಗ ತುಂಬಿದ ಟಾಕಿಯನ್ನು ನೋಡಿ. ಪೆಟ್ರೋಲಿನ ಮೇಲಿರುವ ಸ್ವಲ್ಪ ಜಾಗ ಆವಿಯಿಂದ ಕಿಕ್ಕಿರಿದಿದೆ, 7.6ರ ಗಡಿಯನ್ನು ಎಂದೋ ದಾಟಿದೆ. ಆ ಟಾಕಿಯ ಒಳಗೆ ಕಿಡಿ ಬಿದ್ದರೂ ಉರಿಯುವುದು ಕಷ್ಟ. ಬಾಯಿಯ ಹತ್ತಿರ ಹೊರಗಿನ ಗಾಳಿ ಸೇರುವಲ್ಲಿ ಧಗ್ಗನೆ ಉರಿದೀತು, ಆದ್ದರಿಂದ ಅದೇನೂ ಸಾಧು ಪ್ರಾಣಿಯಲ್ಲ. ಆದರೆ ಸಿಡಿಯುವ ಪ್ರಾಣಿಯೂ ಅಲ್ಲ.

ಇನ್ನು ಖಾಲಿ ಟಾಕಿ. ಕಾಕಾನ ಗಾಡಿಯದು ಸುಮಾರು 28 ಲೀಟರಿನದು. ಪೆಟ್ರೋಲ್ ಸುರಿದು ತೆಗೆದ ಮೇಲೂ ಗೋಡೆಗೆ, ಮೂಲೆಗೆ, ತುಕ್ಕಿನ ಹಕ್ಕಳೆಯ ಹಿಂದೆ ಒಂದಿಷ್ಟು ಹತ್ತಿಕೊಂಡಿರುತ್ತದೆ. ಎಷ್ಟಿದ್ದರೆ ಸಿಡಿಯುವ ಹದ? ಪೆನ್ಸಿಲು ಹಿಡಿದು ಲೆಕ್ಕ ಹಾಕಿದೆ. 28 ಲೀಟರ್ ಗಾಳಿಯನ್ನು 1.4 ಪಾಲಿಗೆ ಮುಟ್ಟಿಸಲು ಸುಮಾರು 2 ಮಿಲಿಲೀಟರ್ ಪೆಟ್ರೋಲ್ ಸಾಕು. 7.6 ಪಾಲಿಗೆ ಸುಮಾರು 12 ಮಿಲಿಲೀಟರ್. ಅಂದರೆ ಚಹಾದ ಚಮಚದಲ್ಲಿ ಅರ್ಧ ಚಮಚದಿಂದ ಎರಡೂವರೆ ಚಮಚ! ಟಾಕಿಯನ್ನು ಬೋರಲು ಹಾಕಿ ಜಾಡಿಸಿದ ಮೇಲೆ ಒಳಗೆ ಉಳಿಯುವುದು ಹೆಚ್ಚುಕಡಿಮೆ ಇಷ್ಟೇ. ತುಂಬಿದಾಗ ಹದ ತಪ್ಪಿದ್ದ ಟಾಕಿಯನ್ನು ನಾವೇ ಖಾಲಿ ಮಾಡಿ, ಗಾಳಿ ಆಡಿಸಿ, ಬಿಸಿಲಿಗಿಟ್ಟು ಸರಿಯಾದ ಹದಕ್ಕೆ ತರುತ್ತೇವೆ. ಆಮೇಲೆ ವೆಲ್ಡಿಂಗಿನವನ ಹತ್ತಿರ ಒಯ್ಯುತ್ತೇವೆ.

ಬಿಸಿಲಿಗೆ ನಾಲ್ಕು ದಿನ ಇಟ್ಟರೆ ಎಲ್ಲ ಹಾರಿಹೋಗುವುದಿಲ್ಲವೇ ಎಂದು ಕಾಕಾ ಕೇಳಿದರು, ನ್ಯಾಯವಾದ ಪ್ರಶ್ನೆಯೇ. ತೆರೆದ ಬಾಯಿಯ ಹತ್ತಿರದ್ದು ಹಾರುತ್ತದೆ. ಎರಡು ತಗಡು ಒಂದರ ಮೇಲೊಂದು ಕೂತ ಜೋಡಣೆಯ ಸಂದಿಯಲ್ಲಿ, ತುಕ್ಕಿನ ಪುಡಿಯಲ್ಲಿ, ಒಳಗಿನ ಅಡ್ಡತಗಡಿನ ಮಗ್ಗುಲಲ್ಲಿ ಕೂತದ್ದು ಕೂತೇ ಇರುತ್ತದೆ. ವಾಸನೆಯೂ ಸಾಕ್ಷಿ ಹೇಳುವುದಿಲ್ಲ, ಒಂದು ಗಂಟೆ ಪೆಟ್ರೋಲಿನ ಹತ್ತಿರ ಇದ್ದ ಮೂಗು ಆ ವಾಸನೆಗೆ ಕುರುಡಾಗಿರುತ್ತದೆ. ವೆಲ್ಡಿಂಗಿನ ಕಾವು ತಗಡಿಗೆ ತಗಲಿದಾಗ ಅಡಗಿದ್ದದ್ದು ಒಮ್ಮೆಗೇ ಹೊರಬರುತ್ತದೆ. ಕಿಡಿ ಹೇಗೂ ಅಲ್ಲೇ ಇದೆ.

ಈಗ ಮಾತಿನ ವಿಷಯ. ಬೆಂಜಮಿನ್ ಲೀ ವೋರ್ಫ್ ಎಂಬ ಅಮೆರಿಕನ್ನರ ಹೆಸರನ್ನು ಭಾಷಾಶಾಸ್ತ್ರ ಓದುವ ನಮ್ಮ ಎಂ.ಎ. ಮಿತ್ರರು ಬಲ್ಲರು. ನಾವಾಡುವ ಭಾಷೆ ನಾವು ಯೋಚಿಸುವ ರೀತಿಯನ್ನು ರೂಪಿಸುತ್ತದೆ ಎಂಬ ವಾದಕ್ಕೆ ಸಪೀರರ ಹೆಸರಿನ ಜೊತೆ ಇವರ ಹೆಸರನ್ನೂ ಸೇರಿಸಿ ಹೇಳುವುದು ವಾಡಿಕೆ. ಇವರು ಹೊಟ್ಟೆಪಾಡಿಗೆ ಪ್ರೊಫೆಸರರಾಗಿರಲಿಲ್ಲ ಎಂಬುದು ಅನೇಕರಿಗೆ ಗೊತ್ತಿಲ್ಲ. ಎಂ.ಐ.ಟಿ.ಯಲ್ಲಿ ಕೆಮಿಕಲ್ ಇಂಜಿನಿಯರಿಂಗ್ ಓದಿ 1918ರಲ್ಲಿ ಪದವಿ ಪಡೆದವರು. ಮರುವರ್ಷ ಹಾರ್ಟ್‌ಫರ್ಡ್ ಅಗ್ನಿವಿಮಾ ಕಂಪನಿಗೆ ಸೇರಿದರು, ಬೆಂಕಿ ಹೇಗೆ ತಗಲುತ್ತದೆಂದು ಪರೀಕ್ಷಿಸುವುದು ಅವರ ಕೆಲಸ. 1941ರಲ್ಲಿ ತೀರಿಕೊಳ್ಳುವವರೆಗೂ ಅದೇ ಕಂಪನಿ. ಅವರು 1939ರಲ್ಲಿ ಬರೆದು 1941ರಲ್ಲಿ ಸಪೀರರ ಸ್ಮರಣ ಸಂಪುಟದಲ್ಲಿ ಅಚ್ಚಾದ ಪ್ರಬಂಧವೊಂದು ಶುರುವಾಗುವುದೇ ಇಂಥ ಬೆಂಕಿಗಳಿಂದ. ತುಂಬಿದ ಪೆಟ್ರೋಲ್ ಪೀಪಾಯಿಗಳ ಹತ್ತಿರ ಜನ ಮೈಯೆಲ್ಲ ಎಚ್ಚರವಾಗಿರುತ್ತಾರೆ, ‘ಖಾಲಿ’ ಪೀಪಾಯಿಗಳ ಹತ್ತಿರ ಸಿಗರೇಟು ಸೇದುತ್ತಾರೆ ಎಂದು ಅವರು ಗಮನಿಸಿದ್ದರು. ಖಾಲಿ ಪೀಪಾಯಿಗಳೇ ಹೆಚ್ಚು ಅಪಾಯ, ಆದರೆ ಆ ಶಬ್ದಕ್ಕೆ ಎರಡು ಅರ್ಥ. ಇರಬೇಕಾದ ಸರಕು ಇಲ್ಲ ಎಂಬುದು ಒಂದು, ಒಳಗೆ ಏನೂ ಇಲ್ಲ ಎಂಬುದು ಇನ್ನೊಂದು. ಗುಮಾಸ್ತ ಮೊದಲನೆಯ ಅರ್ಥದಲ್ಲಿ ‘ಖಾಲಿ’ ಎಂದು ಬರೆದದ್ದನ್ನು ಕೂಲಿಯವನು ಎರಡನೆಯ ಅರ್ಥದಲ್ಲಿ ಓದಿಕೊಳ್ಳುತ್ತಾನೆ.

ವೋರ್ಫರ ದೊಡ್ಡ ವಾದ ಎಷ್ಟು ಸರಿ ಎಂದು ಪಂಡಿತರು ಇಂದಿಗೂ ಜಗಳಾಡುತ್ತಾರೆ, ಆಡಲಿ. ಈ ಪೀಪಾಯಿಯ ಮಾತಿಗೆ ಮಾತ್ರ ನಮ್ಮ ಕಾಕಾ ಜೀವಂತ ಪುರಾವೆ.

ಕನ್ನಡದಲ್ಲಿ ನಾವು ಈ ಶಬ್ದವನ್ನು ಎಷ್ಟೆಲ್ಲ ಕಡೆ ಬಳಸುತ್ತೇವೆ ನೋಡಿ. ಅರಬ್ಬಿಯಿಂದ ಹೊರಟು ಪಾರಸಿ, ಉರ್ದುಗಳನ್ನು ಹಾದು ನಮ್ಮಲ್ಲಿಗೆ ಬಂದ ಶಬ್ದ. ಬಾಡಿಗೆಗೆ ಮನೆ ಖಾಲಿ ಇದೆ ಅನ್ನುತ್ತೇವೆ, ಒಳಗೆ ಹಳೆಯ ಬಾಡಿಗೆದಾರನ ಮೊಳೆಗಳೂ ಜಿರಳೆಗಳೂ ಇರುತ್ತವೆ. ‘ಖಾಲಿ ಕೂತೇನಿ’ ಅಂದವನ ತಲೆಯಲ್ಲಿ ನೂರು ಚಿಂತೆ. ಖಾಲಿ ದೋಸೆ ಅಂದರೆ ಪಲ್ಯವಿಲ್ಲದ ದೋಸೆ, ದೋಸೆಯೇ ಇಲ್ಲದ ತಟ್ಟೆ ಅಲ್ಲ. ಬರಿದು, ಬರಿ, ತೆರವು, ಪೊಳ್ಳು ಎಂದು ನಮ್ಮವೇ ಶಬ್ದಗಳಿವೆ, ಆದರೆ ಅವೂ ಇಲ್ಲಿ ನೆರವಾಗುವುದಿಲ್ಲ. ‘ಬರಿ ಟಾಕಿ’ ಅಂದರೂ ಕಾಕಾ ಅದನ್ನು ವೆಲ್ಡಿಂಗಿಗೇ ಒಯ್ಯುತ್ತಿದ್ದರು.

ನನ್ನ ಅಜ್ಜಿಯ ಮಾತು ಮಾತ್ರ ಬೇರೆ ಇತ್ತು. ಡಬ್ಬಿಯಲ್ಲಿ ಅಕ್ಕಿ ಮುಗಿದರೆ ಆಕೆ ಮುಗಿದವು ಅನ್ನುತ್ತಿರಲಿಲ್ಲ, ‘ಅಕ್ಕಿ ತುಂಬ್ಯಾವ’ ಅನ್ನುತ್ತಿದ್ದಳು. ಬಳೆ ಒಡೆದರೆ ‘ಬಳಿ ಹೆಚ್ಚಾತು’, ದೀಪ ಆರಿಸು ಅನ್ನುವ ಬದಲು ‘ದೀಪಾ ಶಾಂತ ಮಾಡು’. ಅಶುಭ ನುಡಿಯಬಾರದೆಂಬ ಮಡಿವಂತಿಕೆ ಅಷ್ಟೆ, ವಿಜ್ಞಾನವೇನಲ್ಲ. ಆದರೂ ಈ ಒಂದು ಪ್ರಸಂಗದಲ್ಲಿ ಆಕೆಯ ಪದಕೋಶವೇ ವಿಮಾ ಕಂಪನಿಗೆ ಒಪ್ಪಿಗೆಯಾಗುವಂಥದ್ದು. ಪೆಟ್ರೋಲ್ ಮುಗಿದ ಟಾಕಿ ‘ತುಂಬ್ಯದ’. ಈ ಮಾತನ್ನು ಹೇಳಿದಾಗ ಕಾಕಾ ನಕ್ಕರು, ಅಂಕಿಸಂಖ್ಯೆ ಹೇಳಿದಾಗ ಬಗ್ಗದವರು ಇದಕ್ಕೆ ಬಗ್ಗಿದರು. “ಹಂಗಾದ್ರ ಹೊಸಾದ ತರಸೋಣ ಬಿಡು” ಎಂದರು.

ಟಾಕಿ ತುಕ್ಕು ಹಿಡಿದದ್ದೇಕೆ ಎಂದು ಸ್ವಲ್ಪದರಲ್ಲಿ ಹೇಳುತ್ತೇನೆ. ಅರ್ಧ ತುಂಬಿದ ಟಾಕಿ ಹಗಲು ಕಾದು ರಾತ್ರಿ ತಣ್ಣಗಾಗುವಾಗ ಹೊರಗಿನ ಹಸಿಗಾಳಿಯನ್ನು ಎಳೆದುಕೊಳ್ಳುತ್ತದೆ, ಒಳಗೆ ಬೆವರುತ್ತದೆ. ಹಿಂದಿನ ಪೆಟ್ರೋಲಿನಲ್ಲಿ ಆ ನೀರು ತಳದಲ್ಲಿ ಬೇರೆಯಾಗಿ ಕೂರುತ್ತಿತ್ತು. ಈಗಿನದರಲ್ಲಿ ನೂರಕ್ಕೆ ಇಪ್ಪತ್ತರವರೆಗೆ ಎಥನಾಲ್ ಇದೆ. ಇ20 ಎಂಬ ಆ ಮಿಶ್ರಣ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಎಥನಾಲ್ ನೀರಿನ ಸ್ನೇಹಿತ, ಒಂದು ಮಿತಿಯವರೆಗೆ ನೀರನ್ನು ತನ್ನಲ್ಲೇ ಕರಗಿಸಿಕೊಳ್ಳುತ್ತದೆ. ಮಿತಿ ಮೀರಿದರೆ ನೀರೂ ಎಥನಾಲೂ ಒಟ್ಟಿಗೆ ಪೆಟ್ರೋಲಿನಿಂದ ಬಿಟ್ಟುಕೊಂಡು ತಳಕ್ಕಿಳಿಯುತ್ತವೆ. ಉಕ್ಕಿನ ಟಾಕಿಯ ತಳಕ್ಕೆ ಅಷ್ಟು ಸಾಕು. ಹಳೆಯ ರಬ್ಬರ್ ನಳಿಗಳಿಗೂ ಎಥನಾಲ್ ಒಗ್ಗುವುದಿಲ್ಲ. ಕಾಕಾನ ಗಾಡಿಯಲ್ಲಿ ಎರಡು ನಳಿಗಳು ಬಿರುಕು ಬಿಟ್ಟು ಒಣ ಮೆಣಸಿನಕಾಯಿಯಂತಾಗಿದ್ದವು.

ಕೆಲಸಕ್ಕೆ ನನ್ನ ಸೋದರಮಾವ ಬಂದರು. ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಫಿಟ್ಟರಾಗಿ ನಿವೃತ್ತರಾದವರು. ಪಾನಾ ಹಿಡಿದವರು ಅವರು, ಕೆಳಗೆ ಬರೆಯುವುದರಲ್ಲಿ ಕೈಚಳಕದ ಭಾಗವೆಲ್ಲ ಅವರದು. ಒಂದು ಮಾತನ್ನು ಅವರು ಮೊದಲೇ ಹೇಳಿಬಿಟ್ಟರು, ನಾನೂ ಹೇಳಿಬಿಡುತ್ತೇನೆ. ಇಂಜೆಕ್ಷನ್ ಇರುವ ಗಾಡಿಗಳಲ್ಲಿ ಪೆಟ್ರೋಲ್ ಪಂಪು ಟಾಕಿಯ ಒಳಗೇ ಇರುತ್ತದೆ, ಲೈನಿನಲ್ಲಿ ಸುಮಾರು ಮೂರು ಬಾರ್ ಒತ್ತಡ, ಇಂಜಿನ್ ನಿಲ್ಲಿಸಿದ ಮೇಲೂ ಅದು ಉಳಿದಿರುತ್ತದೆ. ಅವನ್ನು ಮನೆಯಲ್ಲಿ ಬಿಚ್ಚುವ ಉಸಾಬರಿ ಬೇಡ. ಕಾರ್ಬ್ಯುರೇಟರಿನ ಮಾರುತಿಯಲ್ಲಿ ಪಂಪು ಇಂಜಿನಿನ ಮೇಲಿದೆ, ಟಾಕಿಯಲ್ಲಿ ಕೇವಲ ಪೆಟ್ರೋಲು ಮತ್ತು ಅದರ ಮಟ್ಟ ಅಳೆಯುವ ತೇಲುಗುಂಡು.

ಜಾಗ ಆರಿಸುವುದಕ್ಕೇ ನಮಗೆ ಒಂದು ಗಂಟೆ ಹಿಡಿಯಿತು. ತಳಮಾಳಿಗೆಯ ಪಾರ್ಕಿಂಗ್ ಖಂಡಿತ ಬೇಡ, ಆವಿ ಅಲ್ಲಿ ಬಾವಿಯಲ್ಲಿನ ನೀರಿನಂತೆ ನಿಲ್ಲುತ್ತದೆ. ಕಾಂಪೌಂಡಿನ ಹಿಂದೆ, ಗಾಳಿಯಾಡುವ, ಸಮತಟ್ಟಾದ ಗಟ್ಟಿ ನೆಲಕ್ಕೆ ಗಾಡಿಯನ್ನು ಕೈಯಿಂದ ತಳ್ಳಿದೆವು. ಗಟಾರದ ಜಾಳಿಗೆಯಿಂದ ದೂರ. ಇಸ್ತ್ರಿಯವನಿಗೆ ಆ ದಿನ ಬೆಳಿಗ್ಗೆ ರಜೆ ಕೊಡಿಸಿದೆವು, ಕಾಕಾ ಅವನಿಗೆ ನಷ್ಟ ಕಟ್ಟಿಕೊಟ್ಟರು. ಕೆಳಗಿನ ಮನೆಗಳ ಗ್ಯಾಸ್ ಗೀಜರ್ ಆರಿಸಿ, ಆ ಕಡೆಯ ಕಿಟಕಿ ಮುಚ್ಚಲು ಹೇಳಿದೆವು. ಡ್ಯಾಶ್‌ಬೋರ್ಡಿನ ಗಣಪತಿಗೆ ಕಾಕಾ ದಿನಾ ಹಚ್ಚುವ ಊದಿನಕಡ್ಡಿಗೂ ರಜೆ. ಕಾಕು ತುಳಸಿಕಟ್ಟೆಗೆ ದೀಪ ಹಚ್ಚುವ ಹೊತ್ತಿನ ಮೊದಲೇ ಎಲ್ಲ ಮುಗಿಯಬೇಕು ಎಂಬುದು ಕರಾರು. ಎರಡು ಬಕೀಟು ಮರಳು, ಜಿನೆಯ ಹತ್ತಿರ ತೂಗುಹಾಕಿದ್ದ ಪುಡಿಯ ಅಗ್ನಿಶಾಮಕ. ನೀರು ಅಲ್ಲ, ಪೆಟ್ರೋಲು ನೀರಿಗಿಂತ ಹಗುರ, ಉರಿಯುತ್ತಲೇ ತೇಲಿಕೊಂಡು ಹೋಗುತ್ತದೆ.

ಬ್ಯಾಟರಿಯ ತಂತಿಯನ್ನು ಎಲ್ಲಕ್ಕಿಂತ ಮೊದಲು, ಪೆಟ್ರೋಲ್ ಇನ್ನೂ ಮುಚ್ಚಿರುವಾಗಲೇ ಬಿಚ್ಚಬೇಕು. ಬಿಚ್ಚುವಾಗ ಹಾರುವ ಸಣ್ಣ ಕಿಡಿ ಆಗ ನಿರುಪದ್ರವಿ, ಅರ್ಧ ಗಂಟೆ ಬಿಟ್ಟು ಹಾರಿದರೆ ಅಲ್ಲ.

ಆಮೇಲೆ ಹೊರತೆಗೆಯುವುದು. ಕೆಲವು ಟಾಕಿಗಳ ತಳದಲ್ಲಿ ಡ್ರೇನ್ ಬೋಲ್ಟ್ ಇರುತ್ತದೆ. ಹಳೆಯ ಟಾಕಿಯಲ್ಲಿ ಅದು ತುಕ್ಕು ಹಿಡಿದು ಕೂತಿದ್ದರೆ ಅದರ ಗೋಜಿಗೆ ಹೋಗಬೇಡಿ. ಜೋರು ಹಾಕಿದರೆ ಬೋಲ್ಟಿನ ಜೊತೆ ತಗಡೂ ಕಿತ್ತು ಬಂದು, ಮುಖದ ಮೇಲೆ ಹತ್ತು ಲೀಟರ್ ಪೆಟ್ರೋಲಿನ ಅಭಿಷೇಕವಾದೀತು. ಮೇಲಿನ ಬಾಯಿಯಿಂದ ನಳಿ ಇಳಿಸಿ ತೆಗೆಯುವುದೇ ಲೇಸು. ನಮ್ಮ ಊರುಗಳಲ್ಲೂ ಇಲ್ಲಿನ ರಸ್ತೆಗಳಲ್ಲೂ ನಳಿಯನ್ನು ಬಾಯಿಂದ ಜಗ್ಗುವ ಶೂರರನ್ನು ನೀವು ನೋಡಿದ್ದೀರಿ. ಪೆಟ್ರೋಲ್ ಬಲು ತೆಳು, ಹೊಟ್ಟೆಗೆ ಹೋಗುವುದಕ್ಕಿಂತ ಶ್ವಾಸಕೋಶಕ್ಕೆ ಹೋಗುವುದು ಕೆಟ್ಟದ್ದು. ಒಂದು ಗುಟುಕು ಅಲ್ಲಿ ಸೇರಿದರೂ ನ್ಯುಮೋನಿಯಾದಂಥ ಉರಿಯೂತ ಬರುತ್ತದೆ. ಯಾರಾದರೂ ನುಂಗಿದ್ದರೆ ವಾಂತಿ ಮಾಡಿಸಬಾರದು, ವಾಂತಿಯಾಗುವಾಗಲೇ ಅದು ಶ್ವಾಸಕೋಶಕ್ಕೆ ಜಾರುವುದು. ನೇರ ಆಸ್ಪತ್ರೆಗೆ ಒಯ್ಯಬೇಕು. ಕೈಯಲ್ಲಿ ಒತ್ತುವ ರಬ್ಬರ್ ಗುಂಡಿನ ಪಂಪು ಆಟೋ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ. ಗುಂಡನ್ನು ನಾಲ್ಕು ಸಲ ಒತ್ತಿ, ನಳಿಯ ಇನ್ನೊಂದು ತುದಿ ಟಾಕಿಗಿಂತ ಕೆಳಗಿದ್ದರೆ ಮುಂದಿನದನ್ನು ಭೂಮಿಯೇ ನೋಡಿಕೊಳ್ಳುತ್ತದೆ.

ಸುರಿಯುವ ಪಾತ್ರೆ ಲೋಹದ್ದಿರಲಿ, ಮುಚ್ಚಳ ಭದ್ರವಿರಲಿ, ನೆಲದ ಮೇಲೆ ಕೂತಿರಲಿ. ಹರಿಯುವ ಪೆಟ್ರೋಲು ತನ್ನಲ್ಲೇ ಸ್ಥಾಯೀ ವಿದ್ಯುತ್ ಹುಟ್ಟಿಸಿಕೊಳ್ಳುತ್ತದೆ. ಪ್ಲಾಸ್ಟಿಕ್ ಬಕೀಟಿನಲ್ಲಿ ಅದು ಭೂಮಿಗೆ ಇಳಿಯಲಾರದೆ ಕಾದು ಕೂತು, ಕಿಡಿಯಾಗಿ ಹಾರಬಹುದು. ಲಾಳಿಕೆಯೂ ಲೋಹದ್ದು, ಡಬ್ಬಿಗೆ ತಗಲಿಕೊಂಡೇ ಇರಬೇಕು. ಆ ದಿನ ಮಾವ ನನ್ನ ಟೆರಿಲೀನ್ ಅಂಗಿ ಬಿಡಿಸಿ ಹತ್ತಿಯ ಬನಿಯನ್ನಿನಲ್ಲಿ ನಿಲ್ಲಿಸಿದರು. ಕಾಯಿದೆಯ ಮಾತೂ ಒಂದಿದೆ. 1934ರ ಪೆಟ್ರೋಲಿಯಂ ಕಾಯಿದೆಯ ಪ್ರಕಾರ ಮಾರಾಟಕ್ಕಲ್ಲದ ಪೆಟ್ರೋಲನ್ನು 30 ಲೀಟರಿನವರೆಗೆ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದು. ಲೋಹದ ಡಬ್ಬಿ 25 ಲೀಟರಿಗೆ ಮೀರಬಾರದು, ಗಾಜಿನ ಸೀಸೆ 1 ಲೀಟರಿಗೆ ಮೀರಬಾರದು. ನಮ್ಮಲ್ಲಿ ಹೊರಟದ್ದು ಒಂಬತ್ತು ಲೀಟರ್ ಚಿಲ್ಲರೆ.

ತಳದ ಕೊನೆಯ ಒಂದಿಷ್ಟನ್ನು ನಾನು ಆಸೆಗೆ ಗಾಜಿನ ಸೀಸೆಯಲ್ಲಿ ಹಿಡಿದೆ. ಹತ್ತು ನಿಮಿಷದಲ್ಲಿ ಎರಡು ಪದರು. ಮೇಲೆ ತಿಳಿಹಳದಿ, ಕೆಳಗೆ ಎರಡು ಬೆರಳು ದಪ್ಪ ಕಂದು ನೀರು, ಅದರ ತಳದಲ್ಲಿ ತುಕ್ಕಿನ ಗಸಿ. ಪುಸ್ತಕದಲ್ಲಿ ಓದಿದ್ದು ಹೀಗೆ ಕಣ್ಣ ಮುಂದೆ ನಿಲ್ಲುವುದು ಅಪರೂಪ. “ಮ್ಯಾಲಿಂದು ಚಲೋ ಅದಲಾ, ಹೊಸಾ ಟಾಕಿಗೆ ಹಾಕೋಣು” ಎಂದರು ಕಾಕಾ. ಎಥನಾಲ್ ಕಳೆದುಕೊಂಡ ಮೂರು ತಿಂಗಳ ಹಳೆಯ ಪೆಟ್ರೋಲ್ ಅದು, ಒಪ್ಪಲಿಲ್ಲ. ಗಟಾರಕ್ಕೆ ಚೆಲ್ಲುವುದಂತೂ ಮಹಾಪಾಪ. 1992ರ ಏಪ್ರಿಲ್ 22ರಂದು ಮೆಕ್ಸಿಕೋದ ಗ್ವಾದಲಹಾರಾ ನಗರದಲ್ಲಿ, ಸೋರಿಕೆಯಾಗಿ ಚರಂಡಿ ಸೇರಿದ್ದ ಪೆಟ್ರೋಲಿನ ಆವಿ ಸಿಡಿದು ಕಿಲೋಮೀಟರುಗಟ್ಟಲೆ ರಸ್ತೆ ಎದ್ದುಹೋಯಿತು, ಇನ್ನೂರಕ್ಕೂ ಹೆಚ್ಚು ಜನ ಸತ್ತರು. ನಮ್ಮದು ಕೆಲವೇ ಲೀಟರ್ ನಿಜ, ಆದರೆ ಗಟಾರದ ಒಳಗೆ ಇನ್ನಾರ ಲೀಟರ್ ಸೇರಿದೆಯೋ ಯಾರು ಬಲ್ಲರು. ಕೆಟ್ಟ ಪೆಟ್ರೋಲ್ ಇಟ್ಟುಕೊಳ್ಳಲು ಒಪ್ಪಿದ ಗ್ಯಾರೇಜಿಗೆ ಡಬ್ಬಿಯನ್ನು ಮುಚ್ಚಿದಂತೆಯೇ ಒಪ್ಪಿಸಿ ಬಂದೆವು.

ಟಾಕಿ ಇಳಿಸುವುದು ಹೇಳುವಷ್ಟು ಕಷ್ಟವಲ್ಲ. ಮುಂದಿನ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಹಿಂಭಾಗವನ್ನು ಜಾಕಿನಿಂದ ಎತ್ತಿ, ಎರಡು ಘೋಡಿಗಳ ಮೇಲೆ ಕೂರಿಸಬೇಕು. ಜಾಕಿನ ಮೇಲೆ ನಂಬಿಕೆಯಿಟ್ಟು ಗಾಡಿಯ ಕೆಳಗೆ ಹೋಗುವವನಿಗೆ ಪೆಟ್ರೋಲಿನ ಅಪಾಯದ ಮಾತು ಹೇಳಿ ಉಪಯೋಗವಿಲ್ಲ. ತುಂಬುವ ಬಾಯಿಯ ದಪ್ಪ ನಳಿ, ಗಾಳಿಯ ತೆಳು ನಳಿ, ಪೆಟ್ರೋಲ್ ಹೋಗುವ ನಳಿ, ಮರಳಿ ಬರುವ ನಳಿ, ತೇಲುಗುಂಡಿನ ವೈರು, ಒಂದೊಂದಕ್ಕೂ ಮಾವ ಬೇರೆ ಬೇರೆ ಬಣ್ಣದ ದಾರ ಕಟ್ಟಿದರು. ಹೋಗುವುದೂ ಬರುವುದೂ ಅದಲುಬದಲಾದರೆ ಪಂಪು ಪೆಟ್ರೋಲಿನ ಬದಲು ಗಾಳಿ ಹೀರಬಹುದು, ಆಮೇಲೆ ದೋಷ ಹುಡುಕುತ್ತ ಕಾರ್ಬ್ಯುರೇಟರ್ ಬಿಚ್ಚುವವರಿದ್ದಾರೆ. ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿದ್ದೆವು. ಬಿಡಲೊಲ್ಲದ ಒಂದು ಬೋಲ್ಟಿಗೂ ಮಾವ ಸುತ್ತಿಗೆ ಎತ್ತಲಿಲ್ಲ, ಗ್ರೈಂಡರಿನ ಹೆಸರು ಎತ್ತಲಿಲ್ಲ. ಎಣ್ಣೆ ಬಿಡುತ್ತ, ಪಾನಾವನ್ನು ಎಳೆದು ಸಡಿಲಿಸುತ್ತ ಮುಕ್ಕಾಲು ಗಂಟೆ ಕಳೆದರು. ಬೆಳಕಿಗೆ ಸೂರ್ಯನೇ ಇದ್ದ, ಉರಿಯುವ ಬಲ್ಬನ್ನು ಕೆಳಗೆ ಒಯ್ಯಲಿಲ್ಲ. ಮೊಬೈಲುಗಳನ್ನೂ ಮಾವ ಕಾಕುವಿನ ವಶಕ್ಕೆ ಕೊಡಿಸಿದ್ದರು. ಕೊನೆಯ ಬೋಲ್ಟು ತೆಗೆಯುವಾಗ ಕೆಳಗೆ ಹಲಗೆ ಕೊಟ್ಟು ಇಬ್ಬರು ಹಿಡಿದು ಇಳಿಸಿದೆವು.

ಹೊಸ ಟಾಕಿಗೆ ತೇಲುಗುಂಡು ಕೂರಿಸುವಾಗ ಹಳೆಯ ಪ್ಯಾಕಿಂಗ್ ಹಾಕುವ ಉಳಿತಾಯ ಬೇಡ. ನಳಿಗಳೆಲ್ಲ ಹೊಸವು, ಎಥನಾಲ್ ತಡೆಯುವ ಜಾತಿಯವು, ಕ್ಲಿಪ್ಪುಗಳೂ ಹೊಸವು. ಗಾಳಿಯ ನಳಿ ಮಡಚಿಕೊಳ್ಳದಂತೆ ನೋಡಬೇಕು, ಇಲ್ಲವಾದರೆ ಪೆಟ್ರೋಲ್ ತುಂಬುವಾಗ ಬಾಯಿಂದ ಹಿಂದಕ್ಕೆ ಚಿಮ್ಮುತ್ತದೆ. ಬೋಲ್ಟುಗಳಿಗೆ ಗ್ರೀಸು. ಬಿಗಿಯಾದ ಮೇಲೆ ಮೊದಲು ಐದು ಲೀಟರ್ ಮಾತ್ರ ಹಾಕಿ, ಕೆಳಗೆ ಹಳೆಯ ಪೇಪರು ಹಾಸಿ ಅರ್ಧ ಗಂಟೆ ಕಾಯ್ದೆವು. ಒಂದು ಹನಿ ಬಿದ್ದರೂ ಪೇಪರಿನಲ್ಲಿ ಕಲೆ ಕಾಣುತ್ತದೆ. ಕಾಣಲಿಲ್ಲ. ಗಾಡಿ ಕೆಳಗಿಳಿಸಿ ಬ್ಯಾಟರಿ ಜೋಡಿಸಿದ್ದು ಎಲ್ಲಕ್ಕಿಂತ ಕೊನೆಗೆ. ಒಣಗಿದ ಲೈನು ತುಂಬಿ ಕಾರ್ಬ್ಯುರೇಟರಿಗೆ ಪೆಟ್ರೋಲ್ ಮುಟ್ಟುವವರೆಗೆ ಹತ್ತು ಸೆಕೆಂಡು ಸ್ಟಾರ್ಟರ್ ತಿರುಗಿಸಿ ಒಂದು ನಿಮಿಷ ಬಿಡುವುದು. ಐದನೆಯ ಸಲಕ್ಕೆ ಇಂಜಿನ್ ಕೆಮ್ಮಿ ಎದ್ದಿತು.

ಉಳಿದದ್ದು ಹಳೆಯ ಟಾಕಿ. ಭಂಗಾರದವನಿಗೆ ಕೊಡುವ ಮುನ್ನ ಬಾಯಿಗಳಿಗೆಲ್ಲ ಬಿರಡೆ ಹಾಕಿ ನೆರಳಿನಲ್ಲಿ ಇಟ್ಟಿದ್ದೆವು. ಬಿಳಿ ಬಣ್ಣದಲ್ಲಿ ಏನಾದರೂ ಬರೆಯಬೇಕಲ್ಲ. ‘ಖಾಲಿ’ ಎಂದು ಬರೆಯುವುದು ಬೇಡವೆಂದು ಈ ಸಲ ಕಾಕಾ ತಾವೇ ಹೇಳಿದರು. ‘ಒಳಗೆ ಪೆಟ್ರೋಲ್ ಇದೆ, ಬೆಂಕಿ ತೋರಿಸಬೇಡಿ’ ಎಂದು ಮರಾಠಿಯಲ್ಲೂ ಹಿಂದಿಯಲ್ಲೂ ಬರೆದೆ, ಕಾಕಾನ ಹಟಕ್ಕೆ ಕನ್ನಡದಲ್ಲೂ. ಭಂಗಾರದವನು ಓದಿದ, ಟಾಕಿಯನ್ನು ಎತ್ತಿ ಅಲುಗಾಡಿಸಿದ, ಎಷ್ಟು ಲೀಟರ್ ಇದೆ ಎಂದು ಆಸೆಯಿಂದ ಕೇಳಿದ. ಎರಡು ಚಮಚ ಎಂದೆ. ನನ್ನ ಮುಖವನ್ನೊಮ್ಮೆ ನೋಡಿ ಕೈಗಾಡಿಗೆ ಹಾಕಿಕೊಂಡ. ಗ್ಯಾಸ್ ಕಟರ್ ಹಚ್ಚಕೂಡದೆಂದು ಮಾವ ಗೋದಾಮಿನವರೆಗೂ ಅವನ ಜೊತೆ ನಡೆದು ಅಲ್ಲಿನ ಮಾಲೀಕನಿಗೂ ಹೇಳಿ ಬಂದರು. ದೊಡ್ಡ ಕಾರ್ಖಾನೆಗಳಲ್ಲಿ ಇಂಥ ಟಾಕಿಯನ್ನು ಉಗಿಯಿಂದ ತೊಳೆದು, ಒಳಗೆ ನೀರನ್ನೋ ಉರಿಯದ ಅನಿಲವನ್ನೋ ತುಂಬಿ, ಮೀಟರಿನಿಂದ ಆವಿ ಅಳೆದು ನೋಡಿದ ಮೇಲಷ್ಟೇ ಬೆಂಕಿ ಮುಟ್ಟಿಸುತ್ತಾರೆ. ಮೂಲೆಯ ಹುಡುಗನ ಹತ್ತಿರ ಇದಾವುದೂ ಇಲ್ಲ. ಅವನಿಗೂ ಒಂದು ಸಂಜೆ ಚಹಾ ಕುಡಿಯುತ್ತ ಚಮಚದ ಲೆಕ್ಕ ಹೇಳಿದೆ. ತಿಂಗಳಿಗೆ ಒಂದೆರಡಾದರೂ ಬೈಕಿನ ಟಾಕಿ ಬರುತ್ತವಂತೆ.

ಲೈನಿನಲ್ಲಿ ಉಳಿದ ತುಕ್ಕು ಇನ್ನೂ ಕೆಲವು ದಿನ ಬರುತ್ತಿರುತ್ತದೆ. ಮುನ್ನೂರು ಕಿಲೋಮೀಟರಿಗೆ ಫಿಲ್ಟರು ಮತ್ತೆ ಬದಲಿಸಿದೆವು, ಅದು ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ಬಂದಿತ್ತು. ಅದರ ಮುಂದಿನದು ಈಗಲೂ ಬಿಳಿಯಾಗಿಯೇ ಇದೆ.